ಮನೆ ಸೋರ್ತಿದ್ರೆ ಮೊದ್ಲೇ ಏಣಿ ಹತ್ಬೇಡಿ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರಿಂದ ಸೊಸೆ ಫೋನು. ಅತ್ತೆ, ಫ್ಯಾನಿನ ಕಪ್ಪಿಂದ ನೀರು ತೊಟ್ಟಿಕ್ತಿದೆ, ಇವ್ರು ಟಾರ್ಚ್ ಹಿಡ್ಕೊಂಡು ಟೆರೇಸಿಗೆ ಹೊರಟಿದ್ದಾರೆ ಅಂದ್ಲು. ಹೊರಗೆ ಗುಡುಗೋದು ಫೋನಲ್ಲೇ ಕೇಳ್ತಿತ್ತು. ಮೊದ್ಲು ಅವ್ನನ್ನ ವಾಪಸ್ ಕರಿ ತಾಯಿ, ಆಮೇಲೆ ಆ ರೂಮಿನ ಸ್ವಿಚ್ಚಲ್ಲ, ಮೇನೇ ಆಫ್ ಮಾಡು ಅಂದೆ. ಮದುವೆಯಾಗಿ ಬಂದಾಗಿನಿಂದ ನಲವತ್ತೈದು ಮಳೆಗಾಲ ಹಂಚಿನ ಮನೇಲಿ ಕಳೆದಿದ್ದೀನಿ, ಅದೂ ಆಗುಂಬೆ ಹತ್ರದ ಊರಲ್ಲಿ, ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯೋದು ನಿಮ್ಗೂ ಗೊತ್ತಿರುತ್ತೆ. ಸೋರೋ ಮನೆ ವಿಷ್ಯದಲ್ಲಿ ನಾನು ಕಲ್ತಿದ್ದನ್ನ ಅವ್ಳಿಗೆ ಅವತ್ತು ಫೋನಲ್ಲಿ ಅರ್ಧಂಬರ್ಧ ಹೇಳಿದ್ದೆ, ಪೂರ್ತಿ ಹೇಳೋಣ ಅಂತ ಕೂತಿದ್ದೀನಿ.

ಕರೆಂಟಿನ ವಿಷ್ಯ ಮೊದ್ಲು ಹೇಳಿಬಿಡ್ತೀನಿ. ಮೋಲ್ಡಿನ, ಅಂದ್ರೆ ಕಾಂಕ್ರೀಟ್ ಸೂರಿನ ಮನೇಲಿ ವೈರಿನ ಪೈಪು ಸ್ಲ್ಯಾಬಿನ ಒಳಗೇ ಹೋಗಿರುತ್ತೆ, ಎಲ್ಲೋ ಒಂದು ಬಿರುಕಲ್ಲಿ ಇಳಿದ ನೀರಿಗೆ ಆ ಪೈಪು ಸಿಕ್ಕಿದ್ರೆ ಅದೇ ಅದಕ್ಕೆ ಕಾಲುವೆ, ಸೀದಾ ಬಂದು ಫ್ಯಾನಿನ ಹುಕ್ಕಲ್ಲೋ ಲೈಟಿನ ಪಾಯಿಂಟಲ್ಲೋ ಇಳಿಯುತ್ತೆ. ಅದಕ್ಕೇ ಎಷ್ಟೋ ಮನೇಲಿ ಮೊದ್ಲು ಸೋರೋದು ಫ್ಯಾನ್ ಹತ್ರಾನೇ. ಹಾಗೆ ನೀರು ಬಂದ್ರೆ ಮೇನ್ ಆಫ್ ಮಾಡಿ, ಆದ್ರೆ ಕೈ ಒದ್ದೆ ಇರ್ಬಾರ್ದು, ಕಾಲಲ್ಲಿ ಒಣಗಿದ ಚಪ್ಪಲಿ ಇರ್ಲಿ, ಮೇನ್ ಬೋರ್ಡಿನ ಹತ್ರಾನೇ ನೀರು ನಿಂತಿದ್ರೆ ಮುಟ್ಟೋಕೇ ಹೋಗ್ಬೇಡಿ, ಲೈನ್‌ಮ್ಯಾನಿಗೆ ಫೋನ್ ಮಾಡಿ. ಸೋರೋದು ನಿಂತ ತಕ್ಷಣ ಫ್ಯಾನ್ ಹಾಕಿ ಒಣಗಿಸ್ತೀನಿ ಅನ್ನೋದೂ ಬೇಡ, ಎಲೆಕ್ಟ್ರಿಷಿಯನ್ ಬಂದು ಪಾಯಿಂಟ್ ಬಿಚ್ಚಿ ನೋಡೋವರೆಗೂ ಆ ಲೈನು ಆಫೇ ಇರ್ಲಿ.

ಆಮೇಲೆ ಬೀಳೋ ನೀರು ಹಿಡಿಯೋದು. ಬಕೆಟ್ ಇಟ್ರೆ ಟಪ್ ಟಪ್ ಅಂತ ರಾತ್ರಿಯಿಡೀ ಸದ್ದು, ಸುತ್ತ ಎರಡು ಅಡಿ ಚಿಮ್ಮುತ್ತೆ ಬೇರೆ. ನಮ್ಮತ್ತೆ ಮಾಡ್ತಿದ್ದ ಉಪಾಯ ಏನಂದ್ರೆ, ಹನಿ ಬೀಳೋ ಕಡೆ ರೀಪಿಗೆ, ಅಂದ್ರೆ ಹಂಚು ಕೂರೋ ಅಡ್ಡ ಪಟ್ಟಿಗೆ, ಒಂದು ಹತ್ತಿ ದಾರ ಕಟ್ಟಿ ಅದರ ತುದಿ ಬಕೆಟ್ಟಿನ ಒಳಗೆ ಮುಟ್ಟೋ ಹಾಗೆ ಇಳಿಬಿಡೋದು, ಹನಿ ದಾರ ಹಿಡ್ಕೊಂಡು ಸದ್ದಿಲ್ದೆ ಇಳಿಯುತ್ತೆ. ಮೋಲ್ಡಿನ ಮನೇಲಿ ಕಟ್ಟೋಕೆ ರೀಪು ಇಲ್ಲ, ಅಲ್ಲಿ ದಾರದ ತುದಿಗೆ ಟೇಪು ಹಚ್ಚಿ ಅಂಟಿಸಿ ನೋಡಿ, ಒದ್ದೆಗೆ ಅಂಟದೇ ಹೋದ್ರೆ ಬಕೆಟ್ಟಿನ ತಳಕ್ಕೆ ಒಂದು ಹಳೆ ಟವೆಲ್ ಹಾಕಿ, ಚಿಮ್ಮೋದು ನಿಲ್ಲುತ್ತೆ. ಪಿಓಪಿ ಸೀಲಿಂಗ್ ಇದ್ದು ಅದು ಹೊಟ್ಟೆ ಬಿಟ್ಟ ಹಾಗೆ ಕೆಳಗೆ ಉಬ್ಬಿದ್ರೆ ಒಳಗೆ ನೀರು ತುಂಬಿದೆ ಅಂತ ಅರ್ಥ, ಹಾಗೇ ಬಿಟ್ರೆ ಇಡೀ ಹಲಗೆ ಕಳಚಿ ತಲೆ ಮೇಲೆ ಬರುತ್ತೆ. ಕರೆಂಟು ಆಫ್ ಇದೆ ಅಂತ ಇನ್ನೊಂದ್ಸಲ ನೋಡ್ಕೊಂಡು, ಕೆಳಗೆ ದೊಡ್ಡ ಟಬ್ ಇಟ್ಟು, ಪಕ್ಕಕ್ಕೆ ಸರಿದು ನಿಂತು ಉದ್ದದ ಸ್ಕ್ರೂಡ್ರೈವರಲ್ಲಿ ಉಬ್ಬಿನ ನಡುವೆ ಸಣ್ಣ ತೂತು ಮಾಡಿ ನೀರು ಇಳಿಸಿಬಿಡಿ.

ಮಂಚ, ಟಿವಿ, ಅಕ್ಕಿ ಮೂಟೆ ಎಲ್ಲ ಗೋಡೆ ಹತ್ರ ತಳ್ಳೋದಲ್ಲ, ಗೋಡೇಲೂ ನೀರು ಇಳಿಯುತ್ತೆ, ರೂಮಿಂದಲೇ ಆಚೆ ಸಾಗ್ಸಿ. ಪಹಣಿ, ಮನೆ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ಮಳೆಗಾಲಕ್ಕೆ ಮುಂಚೇನೇ ಮುಚ್ಚಳ ಗಟ್ಟಿಯಾಗಿ ಕೂರೋ ಸ್ಟೀಲ್ ಡಬ್ಬಿಗೆ ಸೇರ್ಬೇಕು. ನಾನು ಒಂದ್ ವರ್ಷ ಹಾಗೆ ಮಾಡ್ಲಿಲ್ಲ, ನಮ್ಮ ಮಾವನೋರ ಕೈಬರಹದ ಜಮೀನಿನ ಲೆಕ್ಕದ ಪುಸ್ತಕ ಶಾಯಿ ಕರಗಿ ಹೋಯ್ತು, ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಈಗ ಮುಖ್ಯ ವಿಷ್ಯ. ಹನಿ ಎಲ್ಲಿ ಬೀಳುತ್ತೋ ತೂತು ಅಲ್ಲಿರಲ್ಲ. ಇದೊಂದು ತಿಳೀದೆ ಜನ ಎಷ್ಟು ದುಡ್ಡು ಸುರೀತಾರೆ ಅಂದ್ರೆ ಹೇಳೋ ಹಾಗಿಲ್ಲ. 2019ರ ಆಗಸ್ಟಲ್ಲಿ ನಮ್ಮ ಕಡೆ ಹೊಡೆದ ಮಳೆ ನೆನಪಿರ್ಬೇಕು, ಆಗ ನಮ್ಮ ದೇವರ ಕೋಣೇಲಿ ಸರಿಯಾಗಿ ದೀಪದ ಕಂಬದ ಮೇಲೇ ಹನಿ. ನಮ್ಮೋರು ಅದರ ನೆತ್ತಿಗೆ ಸರಿಯಾಗಿದ್ದ ಹಂಚನ್ನ ಅಟ್ಟದಿಂದ ಎತ್ತಿ ಬದಲಾಯಿಸಿದ್ರು, ನಿಲ್ಲಲಿಲ್ಲ, ಅಕ್ಕಪಕ್ಕದ್ದು ನಾಲ್ಕು ಬದಲಾಯಿಸಿದ್ರು, ಆಗ್ಲೂ ನಿಲ್ಲಲಿಲ್ಲ. ನವರಾತ್ರಿ ಕಳೆದು ಬಿಸಿಲು ಬಂದ್ಮೇಲೆ ನಾನೇ ಮಧ್ಯಾಹ್ನ ಅಟ್ಟಕ್ಕೆ ಹೋಗಿ ದೀಪ ಹಾಕ್ದೆ ಸುಮ್ನೆ ಹತ್ತು ನಿಮಿಷ ಕೂತೆ. ಕಣ್ಣು ಕತ್ತಲೆಗೆ ಹೊಂದ್ಕೊಂಡ ಮೇಲೆ ಪಕಾಸಿಯ, ಅಂದ್ರೆ ರೀಪು ಹೊರೋ ಇಳಿಜಾರು ಮರದ, ಒಂದು ಅಂಚಲ್ಲಿ ಕಪ್ಪು ಗೆರೆ ಕಾಣ್ತು, ನೀರು ಹರಿದು ಹರಿದು ಆದ ಕಲೆ. ಅದನ್ನ ಬೆರಳಲ್ಲಿ ಹಿಡ್ಕೊಂಡು ಮೇಲೆ ಮೇಲೆ ಹೋದ್ರೆ ಹತ್ತು ಅಡಿ ಆಚೆ, ಮಾಡಿನ (ಸೂರಿನ) ನೆತ್ತಿ ಹತ್ರ, ಮುಸುವ (ಕಪ್ಪು ಮೋರೆ ಕೋತಿ) ಹಾರಿ ಹಾರಿ ನೆತ್ತಿ ಹಂಚಿನ ಗಾರೆ ಬಿಟ್ಟಿತ್ತು, ಕೂದಲೆಳೆಯಷ್ಟು ಬೆಳಕು ಬರ್ತಿತ್ತು. ನೀರು ಅಲ್ಲಿ ಇಳಿದು, ಮರ ಹಿಡ್ಕೊಂಡು ಬಂದು, ರೀಪು ಅಡ್ಡ ಸಿಕ್ಕಿದ ಕಡೆ ಕಳಚಿ ಬೀಳ್ತಿತ್ತು ಅಷ್ಟೆ. ಅವತ್ತಿಂದ ಮಳೆ ಇರೋವಾಗ್ಲೇ ಒದ್ದೆ ಗೆರೆ ಎಲ್ಲೆಲ್ಲಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಡ್ತೀನಿ, ಒಣಗಿದ್ಮೇಲೆ ಹುಡುಕೋಕೆ ಹೋದ್ರೆ ಎಲ್ಲ ಒಂದೇ ಥರ ಕಾಣುತ್ತೆ.

ಒಡೆದ ಹಂಚು ಕಣ್ಣಿಗೆ ಬಿತ್ತು, ಮಳೆ ಮಾತ್ರ ನಿಲ್ತಿಲ್ಲ ಅಂದ್ರೆ ಒಳಗಿಂದಲೇ ಮೇಲಿನ ಸಾಲಿನ ಹಂಚು ಸ್ವಲ್ಪ ಎತ್ತಿ ಒಡೆದದ್ದರ ಮೇಲೆ ಒಂದು ತಗಡಿನ ತುಂಡು ತೂರಿಸಿ, ತಗಡಿನ ಮೇಲ್ತುದಿ ಮೇಲಿನ ಹಂಚಿನ ಕೆಳಗಿರ್ಬೇಕು, ಕೆಳತುದಿ ಕೆಳಗಿನ ಹಂಚಿನ ಮೇಲೆ ಕೂರ್ಬೇಕು, ಉಲ್ಟಾ ಆದ್ರೆ ನೀವೇ ನೀರನ್ನ ಒಳಗೆ ಕರೆದ ಹಾಗೆ. ತಗಡು ಸಿಗ್ಲಿಲ್ವಾ, ಅಡಿಕೆ ಹಾಳೆ ಇದ್ದೇ ಇರುತ್ತಲ್ಲ, ನೆನೆಸಿ ಮೆತ್ತಗೆ ಮಾಡಿ ಹಾಕಿ, ಒಂದಷ್ಟು ದಿನಕ್ಕೆ ಮೋಸ ಇಲ್ಲ. ಜಾರಿದ ಹಂಚಾದ್ರೆ ಒಳಗಿಂದ ಎತ್ತಿ ರೀಪಿಗೆ ಕೊಂಡಿ ಸಿಕ್ಕಿಸಿದ್ರೆ ಆಯ್ತು.

ಹಂಚು ಬದಲಾಯಿಸೋರಿಗೆ ಒಂದು ಮಾತು. ಮಂಗಳೂರಿನ ಜೆಪ್ಪುವಲ್ಲಿ ಬಾಸೆಲ್ ಮಿಷನ್ನೋರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಆಮೇಲೆ ಆ ಕಡೆ ಬೇಕಾದಷ್ಟು ಕಾರ್ಖಾನೆ ಬಂದ್ವು, ಪ್ರತಿಯೊಬ್ರದ್ದೂ ಅಚ್ಚು ಒಂದು ಚೂರು ಬೇರೆ. ನೋಡೋಕೆ ಎಲ್ಲ ಮಂಗಳೂರು ಹಂಚೇ, ಆದ್ರೆ ಒಂದರ ಏಣು ಇನ್ನೊಂದರ ಕಾಲುವೇಲಿ ಸರಿಯಾಗಿ ಕೂರಲ್ಲ, ಅಕ್ಕಿ ಕಾಳಿನಷ್ಟು ಸಂದು ಸಾಕು, ಇರಚಲು ಹೊಡೆದಾಗ ನೀರು ಒಳಗೆ. ಹಂಚು ತಿರುಗಿಸಿ ಅದರ ಮೇಲಿರೋ ಕಾರ್ಖಾನೆ ಮುದ್ರೆ ನೋಡಿ, ಅದೇ ಮುದ್ರೆಯದ್ದನ್ನ ಹುಡುಕಿ ತನ್ನಿ, ಹಳೆ ಮನೆ ಕೀಳೋರ ಹತ್ರ ಸಿಗುತ್ತೆ. ನಾನು ಇಪ್ಪತ್ತೈದು ಹಂಚು ಯಾವಾಗ್ಲೂ ಕೊಟ್ಟಿಗೆ ಹಿಂದೆ ನಿಲ್ಲಿಸಿಟ್ಟಿರ್ತೀನಿ, ಮಲಗಿಸಿ ಪೇರಿಸಿದ್ರೆ ಅಡೀದು ಬಿರುಕು ಬಿಡುತ್ತೆ. ಹಂಚನ್ನ ಬೆರಳಲ್ಲಿ ತಟ್ಟಿ ನೋಡಿ, ಗಂಟೆ ಹಾಗೆ ಟಣ್ ಅಂದ್ರೆ ಒಳ್ಳೇದು, ಬೊದ್ದು ಸದ್ದು ಬಂದ್ರೆ ಕಣ್ಣಿಗೆ ಕಾಣದ ಸೀಳಿದೆ.

ಟಾರ್ಪಾಲು ಹಾಕೋರು ಸೋರೋ ಜಾಗದ ಮೇಲಷ್ಟೇ ಹೊದಿಸ್ತಾರೆ, ಮೇಲಿಂದ ಬರೋ ನೀರು ಟಾರ್ಪಾಲಿನ ಅಡೀಲೇ ನುಗ್ಗುತ್ತೆ. ನೆತ್ತಿ ದಾಟಿಸಿ ಆಚೆ ಬದಿಗೆ ಒಂದೆರಡು ಮೊಳ ಇಳಿಬಿಟ್ಟು ಕಟ್ಬೇಕು, ಅಂಚಿಗೆ ಮರಳಿನ ಚೀಲ ಕಟ್ಟಿ ಜೋತಾಡಿಸ್ಬೇಕು, ಮೊಳೆ ಹೊಡೀಬೇಡಿ. ಇದನ್ನೂ ಮಳೆ ಹೊಳವಾದಾಗ ಮಾತ್ರ ಮಾಡೋದು, ಇಬ್ರು ಮೂವರು ಇದ್ದು. ಪಾಚಿ ಕಟ್ಟಿದ ಹಂಚು ಸೋಪಿನ ಹಾಗೆ ಜಾರುತ್ತೆ. ಸಿಮೆಂಟ್ ಶೀಟಿನ ಮನೆಯೋರಂತೂ ದಯವಿಟ್ಟು ಶೀಟಿನ ನಡುವೆ ಕಾಲಿಡ್ಬೇಡಿ, ಹಳೇ ಶೀಟು ಹಪ್ಪಳದ ಹಾಗೆ ಮುರಿಯುತ್ತೆ, ನಮ್ಮ ಪಕ್ಕದೂರಲ್ಲಿ ಒಬ್ಬ ಹುಡುಗ ಹಾಗೇ ಬಿದ್ದು ಸೊಂಟ ಹೋಯ್ತು, ಇನ್ನೂ ಮೂವತ್ತಾಗಿರ್ಲಿಲ್ಲ. ಶೀಟಲ್ಲಿ ಸೋರೋದು ಹೆಚ್ಚಾಗಿ ಬೋಲ್ಟಿನ ವಾಷರ್ ಒಣಗಿ ಸೀಳಿದಾಗ, ಅದನ್ನ ಕೆಲಸ ಗೊತ್ತಿರೋನು ಅಡ್ಡ ಹಲಗೆ ಹಾಕ್ಕೊಂಡು ಹತ್ತಿ ಬದಲಾಯಿಸ್ಲಿ.

ಇನ್ನು ಟೆರೇಸು. ಮೊದ್ಲು ಅದು ಮಳೆ ನೀರೋ ಪೈಪಿನ ನೀರೋ ಅಂತ ತಿಳ್ಕೊಳ್ಳಿ. ಒದ್ದೆ ಕಲೆ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ, ನಾಲ್ಕು ದಿನ ಬಿಸಿಲಿದ್ರೂ ಕಲೆ ಗೆರೆ ದಾಟಿದ್ರೆ ಅದು ಮೇಲಿನ ಬಾತ್ರೂಮೋ ಟ್ಯಾಂಕಿನ ಪೈಪೋ ಇರ್ಬೇಕು, ಪ್ಲಂಬರ್ ಕರೀರಿ. ಮಳೆ ಬಂದಾಗ ಮಾತ್ರ ಅಂದ್ರೆ ಮೊದ್ಲು ನೀರು ಹೋಗೋ ಪೈಪಿನ ಬಾಯಿ ನೋಡಿ. ಸೊಸೆ ಮನೇಲಿ ಆಗಿದ್ದು ಅದೇ, ಪಕ್ಕದ ಹೊಂಗೆ ಮರದ ಎಲೆ, ಮೇಲೆ ಒಂದು ಪ್ಲಾಸ್ಟಿಕ್ ಕವರು ಕೂತು ಬಾಯಿ ಮುಚ್ಚಿ ಟೆರೇಸ್ ಕೆರೆ ಆಗಿತ್ತು, ನಿಂತ ನೀರು ಸಣ್ಣ ಬಿರುಕು ಹುಡುಕ್ಕೊಂಡು ಇಳಿದಿದೆ. ಬೆಳಗ್ಗೆ ಮಳೆ ನಿಂತ್ಮೇಲೆ ಮಗ ಹೋಗಿ ಎಲೆ ತೆಗೆದ, ಮಧ್ಯಾಹ್ನದೊಳಗೆ ಫ್ಯಾನಿನ ಹನಿ ನಿಂತಿತು. ಬಿರುಕು ಇದ್ದೇ ಇದೆ, ಅದಕ್ಕೆ ಬೇಸಿಗೇಲಿ ಕೆಲಸ ಇದೆ, ಆದ್ರೆ ಅವತ್ತೇ ಯಾರನ್ನೋ ಕರೆದಿದ್ರೆ ಇಡೀ ಟೆರೇಸಿಗೆ ವಾಟರ್‌ಪ್ರೂಫಿಂಗ್ ಎಸ್ಟಿಮೇಟ್ ಕೊಟ್ಟು ಹೋಗ್ತಿದ್ರು.

ಆ ಕೆಲಸ ಹೇಗೆ ಮಾಡಿಸ್ಬೇಕು ಅಂತ ನಾವು ದುಡ್ಡು ಕೊಟ್ಟೇ ಕಲ್ತಿದ್ದು. ಶಿವಮೊಗ್ಗದ ಮಗಳ ಮನೇಲಿ ಒಬ್ಬ ಮೇಸ್ತ್ರಿ ಜುಲೈಲಿ, ಎರಡು ದಿನ ಮಳೆ ಬಿಟ್ಟಿತ್ತು ಅಂತ, ಒದ್ದೆ ಆರದ ಟೆರೇಸಿಗೆ ಬಿಳಿ ಕೋಟಿಂಗ್ ಬಳಿದು ಹೋದ. ಒಳಗಿದ್ದ ತೇವ ಬಿಸಿಲಿಗೆ ಆವಿಯಾಗಿ ಮೇಲೆ ಬರೋಕೆ ದಾರಿ ಇಲ್ದೆ ಕೋಟಿಂಗು ಹಪ್ಪಳ ಉಬ್ಬಿದ ಹಾಗೆ ಉಬ್ಬಿ ದೀಪಾವಳಿ ಹೊತ್ತಿಗೆ ಸುಲಿದು ಬಂತು. ಬಿರುಕಿನ ಮೇಲೆ ಸಿಮೆಂಟ್ ಹಾಲು ಹೊಯ್ಯೋದೂ ಹಾಗೇ, ಮೋಲ್ಡು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತೆ, ಗಟ್ಟಿ ಸಿಮೆಂಟು ಅದೇ ಗೆರೇಲಿ ಮತ್ತೆ ಬಿಡುತ್ತೆ. ಬಿರುಕನ್ನ ಉಳಿ ಹಾಕಿ ಒಂದು ಬೆರಳಿನ ಅಗಲಕ್ಕೆ ಬಿಡಿಸಿ, ಧೂಳು ಊದಿ, ಪಾಲಿಮರ್ ಸೇರಿಸಿದ ಗಾರೆ ತುಂಬಿ, ಅದು ಪೂರ್ತಿ ಒಣಗಿದ್ಮೇಲೆ ಒಂದು ಕೋಟು ಬಳಿದು, ಹಸಿ ಇರೋವಾಗ್ಲೇ ಬಿರುಕಿನುದ್ದಕ್ಕೂ ಫೈಬರ್ ಬಲೆ ಕೂರಿಸಿ, ಆಮೇಲೆ ಎರಡನೇ ಕೋಟು ಮೊದಲನೇದಕ್ಕೆ ಅಡ್ಡಡ್ಡ ಹೊಡೀಬೇಕು. ಪ್ಯಾರಪೆಟ್ ಗೋಡೆ ಮತ್ತು ನೆಲ ಸೇರೋ ಮೂಲೆ ಬಿಡ್ಬೇಡಿ, ಎಷ್ಟೋ ಟೆರೇಸು ಸೋರೋದು ಅಲ್ಲೇ, ಆ ಮೂಲೆಗೆ ಗಾರೆ ಹಾಕಿ ಗುಂಡಗೆ ಮಾಡಿಸಿ ಕೋಟಿಂಗನ್ನ ಗೋಡೆ ಮೇಲೂ ಒಂದಡಿ ಹತ್ತಿಸಿ. ದುಡ್ಡಿನ ಕೊನೇ ಕಂತು ಕೊಡೋಕೆ ಮುಂಚೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ ನೋಡಿ, ಕೆಲಸ ಗೊತ್ತಿರೋ ಮೇಸ್ತ್ರಿ ಇದಕ್ಕೆ ಬೇಡ ಅನ್ನಲ್ಲ.

ಟೆರೇಸಿನ ಕಟ್ಟೆ ಮೂಲೇಲಿ ಅರಳಿ ಸಸಿ ಹುಟ್ಟಿದ್ರೆ ಎರಡೆಲೆ ಇರೋವಾಗ್ಲೇ ಬೇರು ಸಮೇತ ಕೀಳಿ, ದೇವರ ಮರ ಅಂತ ಮನಸ್ಸು ಬರ್ಲಿಲ್ಲ ಅಂದ್ರೆ ತೆಗೆದು ಬೇರೆ ಕಡೆ ನೆಡಿ. ಹಾಗೇ ಸೀಲಿಂಗಿಂದ ಚಕ್ಕೆ ಉದುರಿ ಕಂಬಿ ಕೆಂಪಗೆ ಕಾಣ್ತಿದ್ರೆ ಅದು ಸೋರೋ ಸಮಸ್ಯೆ ದಾಟಿ ಹೋಗಿದೆ, ಕಂಬಿ ತುಕ್ಕು ಹಿಡಿದು ಊದಿ ಮೋಲ್ಡನ್ನ ಒಡೀತಿದೆ, ಅದರಡಿ ಮಕ್ಕಳನ್ನ ಮಲಗಿಸ್ಬೇಡಿ, ಇಂಜಿನಿಯರ್ ಒಬ್ರು ಬಂದು ನೋಡ್ಲೇಬೇಕು.

ಸೋರೋದು ನಿಂತ್ಮೇಲೆ ಗೋಡೆಗೆ ತಕ್ಷಣ ಬಣ್ಣ ಹೊಡೀಬೇಡಿ, ಕಿಟಕಿ ತೆಗೆದಿಡಿ, ಗೋಡೆ ಒಳಗಿಂದ ಒಣಗೋಕೆ ವಾರಗಟ್ಟಲೆ ಬೇಕು. ಬೂಷ್ಟು ಬಂದಿದ್ರೆ ಒಣ ಪೊರಕೇಲಿ ಗುಡಿಸ್ಬೇಡಿ, ಅದರ ಪುಡಿ ಮನೆಯೆಲ್ಲಾ ಹಾರುತ್ತೆ, ಅಸ್ತಮಾ ಇರೋರಿಗೆ ಬಹಳ ಕಷ್ಟ. ಮೂಗಿಗೆ ಬಟ್ಟೆ ಕಟ್ಕೊಂಡು ಸೋಪಿನ ನೀರಲ್ಲಿ ಅದ್ದಿದ ಬಟ್ಟೇಲಿ ಒರೆಸಿ ಆ ಬಟ್ಟೆ ಎಸೆದುಬಿಡಿ.

ನಮ್ಮ ಮನೇಲಿ ಹಂಚು ಕೈಯಾಡಿಸೋದು ಭರಣಿ ಮಳೆ ಹೊತ್ತಿಗೆ, ಅಂದ್ರೆ ಏಪ್ರಿಲ್ ಕೊನೇಲಿ ಶುರು, ಮೇ ಕೊನೇಲಿ ರೋಹಿಣಿ ಮಳೆ ಹುಟ್ಟೋದ್ರೊಳಗೆ ಮುಗೀಬೇಕು. ಆಗ ಬೀಳೋ ಒಂದೆರಡು ಜೋರು ಮಳೇಲಿ ಎಲ್ಲೆಲ್ಲಿ ಸೋರುತ್ತೆ ಅಂತ ಮನೆನೇ ತೋರಿಸಿಬಿಡುತ್ತೆ, ಮಾರನೇ ದಿನ ಬಿಸಿಲಲ್ಲಿ ಸರಿ ಮಾಡ್ಬಹುದು. ಸಂದಲ್ಲಿ ಕೂತ ಹಲಸಿನ ಎಲೆ, ಮಣ್ಣು ತೆಗೆಸಿ, ಎರಡು ಮಾಡು ಕೂಡೋ ಕಡೆ ಇರೋ ತಗಡಿನ ದೋಣಿ ತೊಳೆಸಿ, ಒರಲೆ (ಗೆದ್ದಲು) ಹಿಡಿದ ರೀಪು ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ ಮೆತ್ತಗಿದ್ದದ್ದು ಬದಲಾಯಿಸ್ತೀವಿ. ಹಂಚಿನ ಕೆಲಸ ಬಲ್ಲೋರು ಈಗ ನಮ್ಮ ಕಡೆ ಕಮ್ಮಿ ಆಗ್ತಿದ್ದಾರೆ, ನಮ್ಮಲ್ಲಿಗೆ ಬರೋರಿಗೆ ಅರವತ್ತು ದಾಟಿದೆ, ಅವ್ರಿಗೆ ಯುಗಾದಿಗೇ ಹೇಳಿಟ್ರೆ ಮಾತ್ರ ಸಿಗ್ತಾರೆ. ಈ ಸಲ ಅವ್ರ ಜೊತೆ ನಮ್ಮ ಮೊಮ್ಮಗನ್ನೂ ಅಟ್ಟಕ್ಕೆ ಕಳಿಸಿದ್ದೆ, ಸೀಮೆಸುಣ್ಣ ಕೊಟ್ಟು.