ಗೂಡಿಂದ ಬಿದ್ದ ಮರಿಗೆ ಮೊದಲು ಬಿಸಿ, ಆಮೇಲೆ ತುತ್ತು

ದುರ್ಗದ ಆಷಾಢದ ಗಾಳಿಗೆ ಗೂಡು ಬಿದ್ದು, ಪುಕ್ಕ ಬರದ ಮರಿ ಸಿಕ್ಕಿದರೆ ತಕ್ಷಣ ಬಾಯಿಗೆ ಏನೂ ಹಾಕಬೇಡಿ, ಬಿಸಿನೀರಿನ ಬಾಟಲಿಗೆ ಹಳೆ ಪಂಚೆ ಸುತ್ತಿ ರಟ್ಟಿನ ಡಬ್ಬಿಯ ಒಂದು ಮೂಲೆಗಿಟ್ಟು ಪಕ್ಕದಲ್ಲಿ ಮಲಗಿಸಿ. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ. ಬೆಚ್ಚಗಾದ ಮೇಲೆ ಮೈನಾ, ಪಿಕಳಾರದ ಮರಿ ಸಾಮಾನ್ಯವಾಗಿ ತಾನೇ ಬಾಯಿ ಅಗಲಿಸುತ್ತದೆ, ಆಗ ಕೊಡಿ. ಹನಿ ಹನಿ ನೀರು ಬಿಡೋದು ಬೇಡವೇ ಬೇಡ, ನಾಲಿಗೆಯ ಬುಡದಲ್ಲೇ ಉಸಿರಿನ ತೂತಿದೆ. ಪಾರಿವಾಳದ ಮರಿ ಹಾಗೆ ಬಾಯಿ ತೆರೆಯಲ್ಲ, ಅದಕ್ಕೆ ಈ ಗುರುತು ನಡೆಯಲ್ಲ. ಬೆಕ್ಕು ಕಚ್ಚಿದ್ದರೆ ಗಾಯ ಕಾಣದಿದ್ದರೂ ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಿರಿ. ಬೆನ್ನು ಮುರಿದಿದೆ, ನೋವಿಲ್ಲದೆ ಕಳಿಸೋದೇ ಸರಿ ಅಂತ ಅವರು ಅಂದರೆ ‘ಇನ್ನೊಂದು ದಿನ ನೋಡೋಣ’ ಅಂತ ಸುಮ್ನೆ ಎಳೆಯಬೇಡಿ. ಬದುಕಿದರೆ ಅರಣ್ಯ ಇಲಾಖೆಗೆ ತಿಳಿಸಿ, ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.