ನಮ್ಮ ಮನೆಯ ಗರಿಕೆ ಲಾನು: ಬೇಸಿಗೆಯಿಂದ ಚಳಿಗಾಲದವರೆಗೆ

ಮೈಸೂರಿನ ನಮ್ಮ ಮನೆ ಮುಂದೆ ಸಾವಿರ ಚದರಡಿಯಷ್ಟು ಲಾನಿದೆ. ದಿನವಿಡೀ ಬಿಸಿಲು ಬೀಳುವ ಜಾಗವಾದ್ದರಿಂದ ಗರಿಕೆಯನ್ನೇ ಹಾಕಿಸಿದೆ. ನರ್ಸರಿಯವರು ಬರ್ಮುಡಾ ಅಂತ ಮಾರುವುದು ಇದನ್ನೇ. ಮೆಕ್ಸಿಕನ್ ಹುಲ್ಲು ಇನ್ನೂ ನವುರು, ನಿಜ. ಆದರೆ ನಮ್ಮ ಬೋರ್‌ವೆಲ್‌ನ ಹಣೆಬರಹ ನನಗೆ ಮೊದಲೇ ಗೊತ್ತಿತ್ತು.

ಬೇಸಿಗೆಯಲ್ಲಿ ದಿನಾ ಸಂಜೆ ಪೈಪ್ ಹಿಡಿದು ಎಲೆ ಒದ್ದೆ ಮಾಡುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಹಾಗೆ ಮಾಡಿದರೆ ಬೇರು ಕೆಳಗಿಳಿಯುವ ಗೋಜಿಗೇ ಹೋಗದೆ ಮೇಲ್ಮಣ್ಣಲ್ಲೇ ಉಳಿದುಬಿಡುತ್ತದೆ. ಕೊಟ್ಟರೆ ಚದರ ಮೀಟರಿಗೆ 10 ಲೀಟರಿನಂತೆ ಚೆನ್ನಾಗಿ ಕೊಡಬೇಕು. ನಮ್ಮ ಲಾನಿಗೆ ಅದು ಒಂದು ಸಲಕ್ಕೆ 930 ಲೀಟರ್! ಫೆಬ್ರವರಿ, ಮಾರ್ಚ್‌ನಲ್ಲಿ ವಾರಕ್ಕೊಮ್ಮೆ ಹೀಗೆ ಹಾಯಿಸುತ್ತೇನೆ, ಹುಲ್ಲನ್ನು ಎರಡು ಇಂಚು ಎತ್ತರ ಬಿಡುತ್ತೇನೆ. ಏಪ್ರಿಲ್ ಬಂತೆಂದರೆ ಪೈಪ್ ಸುತ್ತಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಾಗ ಅಲ್ಲಿನ ನೆಂಟರೆಲ್ಲ ಕಂಗಾಲಾದರು. ನಮ್ಮ ಲಾನು ಆಗಲೇ ಹುಲ್ಲಿನ ಮೆದೆಯ ಬಣ್ಣಕ್ಕೆ ತಿರುಗುತ್ತಿತ್ತು. "ಹೋಯ್ತು ಸಾರ್ ಇದು, ಕಿತ್ತಾಕಿ ಮೆಕ್ಸಿಕನ್ ಹಾಕ್ಸ್‌ಬಿಡಿ" ಅಂತ ಮಾಲಿಯ ರಾಗ. ಗರಿಕೆ ಒಣಗುವುದು ಮೇಲೆ ಮಾತ್ರ, ಮಣ್ಣೊಳಗಿನ ಕಾಂಡ ಜೀವ ಹಿಡಿದುಕೊಂಡಿರುತ್ತದೆ. ಭರಣಿ ಮಳೆ ಎರಡು ಸಲ ಸುರಿದರೆ ಸಾಕು, ಚಿಗುರು ಕಾಣಿಸುತ್ತದೆ.

ದೊಡ್ಡ ಕೆಲಸ ಇರುವುದೇ ಆಗ. ಮಣ್ಣು ಮೆತ್ತಗಾದ ಮೇಲೆ ಫೋರ್ಕ್‌ನಿಂದ ಗೇಣಿಗೊಂದು ಕಡೆ ಮೂರು ನಾಲ್ಕು ಇಂಚು ಆಳ ಚುಚ್ಚುತ್ತಾ ಹೋಗುತ್ತೇನೆ. ಜರಡಿ ಹಿಡಿದ ಕೆಮ್ಮಣ್ಣು, ಮರಳು, ಎರೆಗೊಬ್ಬರ ಸಮಸಮ ಕಲಸಿ ತೆಳ್ಳಗೆ ಹರಡಿ ಪೊರಕೆ ಆಡಿಸುತ್ತೇನೆ. ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿಹೋಗಬಾರದು. ಇದೇ ಮಳೆಗೆ, ಬೇರು ತಿನ್ನುವ ಗೊಣ್ಣೆಹುಳದ ದುಂಬಿಗಳೂ ಮಣ್ಣಿನಿಂದ ಎದ್ದು, ಕತ್ತಲಾಗುತ್ತಿದ್ದಂತೆ ಬೇವಿನ ಮರಕ್ಕೆ ಮುತ್ತುತ್ತವೆ. ಒಂದು ಬಲ್ಬು, ಅದರ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಟಬ್ಬು ಇಟ್ಟರೆ ಒಂದಷ್ಟು ಬಿದ್ದು ಸಾಯುತ್ತವೆ. ಉಳಿದವು ಇಟ್ಟ ಮೊಟ್ಟೆಯ ಲೆಕ್ಕ ಆಗಸ್ಟ್‌ನಲ್ಲಿ ಸಿಗುತ್ತದೆ: ಹಳದಿಯಾದ ಕಡೆ ಹುಲ್ಲನ್ನು ಕೈಯಲ್ಲಿ ಎಳೆದರೆ ಚಾಪೆಯ ಹಾಗೆ ಎದ್ದು ಬರುತ್ತದೆ, ಬೇರೇ ಇರುವುದಿಲ್ಲ. ಚದರಡಿಯಲ್ಲಿ ಐದಾರಕ್ಕಿಂತ ಹೆಚ್ಚು ಹುಳು ಸಿಕ್ಕಿದರೆ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಗೊಬ್ಬರಕ್ಕೆ ಬೆರೆಸಿ, ಸಂಜೆ ಹೊತ್ತು ಎರಚಿ ನೀರು ಹಾಯಿಸುತ್ತೇನೆ.

ಮಳೆಗಾಲ ಪೂರ್ತಿ ಕತ್ತರಿಸುವುದೇ ಕೆಲಸ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಹುಲ್ಲು ಒದ್ದೆಯಿದ್ದಾಗ ಮುಟ್ಟಲೇಬಾರದು. ಯೂರಿಯಾ ಚದರ ಮೀಟರಿಗೆ 10 ಗ್ರಾಂ ಮೀರಬಾರದು. ಎಲೆ ಮೇಲೆ ತೇವ ಇಲ್ಲದಾಗ ಎರಚಿ ತಕ್ಷಣ ನೀರು ಬಿಡಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಜೇಕು ಅನ್ನುವ ಕಳೆಯನ್ನು ಮಾತ್ರ ಬರೀ ಎಳೆದರೆ ಪ್ರಯೋಜನವಿಲ್ಲ, ಗಡ್ಡೆ ಒಳಗೇ ಉಳಿದು ಮತ್ತೆ ಏಳುತ್ತದೆ. ಕುರ್ಪಿ ಹಾಕಿ ಗಡ್ಡೆ ಸಮೇತ ಎತ್ತಬೇಕು.

ಕಾಂಪೌಂಡ್ ಪಕ್ಕದ ಒಂದು ಪಟ್ಟಿಗೆ ಗಣೇಶನ ಹಬ್ಬದವರೆಗೆ ಮಿಷನ್ ತಾಗಿಸುವುದಿಲ್ಲ. ಕತ್ತರಿಸಿದ ಲಾನಿನಲ್ಲಿ ಪೂಜೆಗೆ ಬೇಕಾದಂಥ ಉದ್ದನೆಯ ಗರಿಕೆ ಸಿಗುವುದಿಲ್ಲವಲ್ಲ. ಬೀದಿಯವರೆಲ್ಲ ಬೆಳಿಗ್ಗೆ ಬುಟ್ಟಿ ಹಿಡಿದು ಇಲ್ಲಿಗೇ ಬರುತ್ತಾರೆ.

ದಸರಾಕ್ಕೆ ಲಾನು ತುಂಬಿಕೊಂಡಿರುತ್ತದೆ. ನವೆಂಬರ್ ಮುಗಿದ ಮೇಲೆ ಚಳಿಗೆ ಬೆಳವಣಿಗೆ ನಿಧಾನವಾಗುವುದರಿಂದ ಯೂರಿಯಾ ಬಂದ್, ನೀರು ಹತ್ತು ದಿನಕ್ಕೊಮ್ಮೆ. ಮಿಷನ್ನಿನ ಬ್ಲೇಡು ಸಾಣೆಗೆ ಹೋಗುವುದೂ ಆಗಲೇ.