ಗಂಟೆಯಲ್ಲ, ಉಸಿರು ಎಣಿಸಿದೆ: ತಂದೆಯವರನ್ನು ಆಕ್ಸಿಜನ್ ಯಂತ್ರದೊಂದಿಗೆ ಲಂಡನ್‌ಗೆ ಕರೆದೊಯ್ದ ಅನುಭವ

ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ, ಬ್ಯಾಟರಿಯಲ್ಲಿ ಓಡುವ ಪೋರ್ಟಬಲ್ ಕಾನ್ಸಂಟ್ರೇಟರ್ ನಂಬಿಕೊಂಡು ಹನ್ನೊಂದು ಗಂಟೆ ವಿಮಾನದಲ್ಲಿ ಕೂರಲಾಗದು ಎಂದು ನನಗೆ ಹೇಳಿದವರಲ್ಲಿ ಯಂತ್ರ ಮಾರಿದ ಅಂಗಡಿಯವರೂ ಇದ್ದರು, ನಮ್ಮ ಭಾವನವರೂ ಇದ್ದರು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಿರುವ ನಮ್ಮ ತಂದೆಯವರು ಬೆಂಗಳೂರಿನಿಂದ ಲಂಡನ್‌ಗೆ ಹೋಗಿ, ಮೊಮ್ಮಗಳೊಂದಿಗೆ ಆರು ವಾರ ಇದ್ದು ಮರಳಿದ್ದಾರೆ. ಅಲ್ಲಿಗೆ ತಲುಪುವ ಮುನ್ನ ನಾನು ಎರಡು ಬಾರಿ ಎಡವಿದೆ. ಅದನ್ನೇ ಮೊದಲು ಬರೆಯುತ್ತೇನೆ.

ಮನೆಯಲ್ಲಿ ಸಿಲಿಂಡರ್ ಬಳಸಿದ ನಮಗೆಲ್ಲ ಒಂದು ಲೆಕ್ಕ ರೂಢಿಯಾಗಿರುತ್ತದೆ: 1500 ಲೀಟರಿನ ಬಿ ಟೈಪ್, ನಿಮಿಷಕ್ಕೆ 2 ಲೀಟರ್, ಅಲ್ಲಿಗೆ ಹನ್ನೆರಡೂವರೆ ಗಂಟೆ. ಸ್ವಂತ ಸಿಲಿಂಡರನ್ನು ವಿಮಾನಕ್ಕೆ ಬಿಡುವುದಿಲ್ಲವಾದ್ದರಿಂದ ಅದೇ ಬುದ್ಧಿಯನ್ನು ಬ್ಯಾಟರಿಗೂ ಹಚ್ಚಿದೆ. ಯಂತ್ರದ ಪುಸ್ತಿಕೆಯಲ್ಲಿ ‘ಸೆಟ್ಟಿಂಗ್ 2, ಆರು ಗಂಟೆ’ ಎಂದಿತ್ತು (ಸೆಟ್ಟಿಂಗ್ ಹೆಚ್ಚಿದಷ್ಟೂ ಆಕ್ಸಿಜನ್ ಹೆಚ್ಚು). ಲಂಡನ್‌ಗೆ ಮುಂಚಿನ ಒಂದು ಪ್ರಯಾಣ ದೆಹಲಿಗೆ, ಮೂರು ಗಂಟೆಗಿಂತ ಕಡಿಮೆ ದಾರಿ. ಒಂದು ದೊಡ್ಡ ಬ್ಯಾಟರಿ ಸಾಕೆಂದುಕೊಂಡು ಜನವರಿಯಲ್ಲಿ ಹೊರಟೆವು. ದೆಹಲಿಯ ಮಂಜಿನಿಂದಾಗಿ ವಿಮಾನ ಬೆಂಗಳೂರಿನಲ್ಲೇ ಬಾಗಿಲು ಮುಚ್ಚಿಕೊಂಡು ಒಂದೂಕಾಲು ಗಂಟೆ ನಿಂತಿತು. ಇಳಿಯುವಾಗ ಉಳಿದಿದ್ದದ್ದು 11 ಪ್ರತಿಶತ, ಮತ್ತು ಆ ಕೊನೆಯ ಭಾಗ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಈ ಯಂತ್ರ ಬಳಸುವವರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ತಪ್ಪು ಹಣದ್ದು. ಹೆದರಿಕೆಯಲ್ಲಿ ಹದಿನೆಂಟು ಸಾವಿರ ಕೊಟ್ಟು ಸುಮಾರು 170 ವ್ಯಾಟ್-ಅವರ್‌ನ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಹೊರಗಿನ ಪವರ್ ಬ್ಯಾಂಕ್ ಒಂದನ್ನು ಕೊಂಡೆ. 100ರವರೆಗಿನದು ಸರಾಗ, ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದರ ಮೇಲಿನದು ಹತ್ತಲೇಬಾರದು ಎಂಬ ನಿಯಮವನ್ನು ಓದಿದ್ದು ಆಮೇಲೆ. ಈಗ ಅದು ನಮ್ಮ ಮನೆಯ ವೈಫೈ ಪೆಟ್ಟಿಗೆಗೆ ಕರೆಂಟ್ ಹೋದಾಗ ಆಸರೆಯಾಗಿದೆ.

ಪುಸ್ತಿಕೆ ಸುಳ್ಳು ಹೇಳಿರಲಿಲ್ಲ ಎಂಬುದು ಗೊತ್ತಾದದ್ದು ಕೆಳಗಿನ ಸಣ್ಣಕ್ಷರ ಓದಿದಾಗ. ಆ ಆರು ಗಂಟೆ ನಿಮಿಷಕ್ಕೆ 20 ಉಸಿರಿನ ಲೆಕ್ಕದ್ದು. ನಮ್ಮ ಯಂತ್ರ ಪ್ರತಿ ಉಸಿರಿಗೂ ಒಂದೇ ಅಳತೆಯ ಆಕ್ಸಿಜನ್ ಗುಟುಕು ಕೊಡುವ ಜಾತಿಯದು. ಉಸಿರು ಹೆಚ್ಚಿದಷ್ಟೂ ಅದಕ್ಕೆ ಕೆಲಸ ಹೆಚ್ಚು. (ನಿಮಿಷದ ಒಟ್ಟು ಪ್ರಮಾಣವನ್ನು ಸ್ಥಿರವಾಗಿಟ್ಟು ಗುಟುಕನ್ನೇ ಸಣ್ಣದು ಮಾಡುವ ಯಂತ್ರಗಳೂ ಇವೆ, ಅವುಗಳಿಗೆ ನನ್ನ ಲೆಕ್ಕ ಹೊಂದುವುದಿಲ್ಲ.) ತಂದೆಯವರದು ಎಚ್ಚರವಿದ್ದಾಗ 24. ಆದ್ದರಿಂದ ನಾನು ಗಂಟೆಗಳನ್ನು ಬಿಟ್ಟು, ಒಂದು ಬ್ಯಾಟರಿಗೆ ಎಷ್ಟು ಉಸಿರು ಎಂದು ಅಳೆಯತೊಡಗಿದೆ. ಅವರು ಊಟದ ಮೇಜಿನ ಬಳಿ ಪತ್ರಿಕೆ ಓದುತ್ತ ಕುಳಿತಿದ್ದಾಗ, ಪೂರ್ತಿ ತುಂಬಿದ ಬ್ಯಾಟರಿ ಬರಿದಾಗುವವರೆಗೆ, ಹತ್ತು ನಿಮಿಷಕ್ಕೊಮ್ಮೆ ಉಸಿರನ್ನೂ ಪ್ರತಿಶತವನ್ನೂ ಬರೆದುಕೊಂಡೆ. ಸೆಟ್ಟಿಂಗ್ 2ರಲ್ಲಿ ಹೆಚ್ಚುಕಡಿಮೆ 7000 ಉಸಿರು, 3ರಲ್ಲಿ 4800 ಬಂತು. ಯಂತ್ರದ ಜೊತೆ ಬಂದ ಹಳೆಯ ಬ್ಯಾಟರಿಗೆ ಇದರ ಮೂರನೆಯ ಎರಡು ಭಾಗವೂ ಇರಲಿಲ್ಲ. ವಯಸ್ಸಾದ ಬ್ಯಾಟರಿಗೆ ನಾನು ಎಷ್ಟು ಕಳೆಯುತ್ತೇನೆ ಎಂಬ ಗುಣಕ ನನ್ನ ಪಟ್ಟಿಯಲ್ಲಿದೆ. ಅದು ನಮ್ಮ ಬ್ಯಾಟರಿಗಳಿಗೆ ಮಾತ್ರ ಹೊಂದುವಂಥದ್ದಾದ್ದರಿಂದ ಇಲ್ಲಿ ಕೊಡುವುದಿಲ್ಲ.

ನೆಲದ ಮೇಲಿನ ಈ ಅಂಕಿ ಆಕಾಶದಲ್ಲಿ ನಿಲ್ಲುತ್ತದೆಯೇ ಎಂದು ಭಾವನವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯೆಂದರೆ 8000 ಅಡಿ, ಅಂದರೆ ಸುಮಾರು 2440 ಮೀಟರ್ ಎತ್ತರದ ಜಾಗದಲ್ಲಿರುವಷ್ಟಿರುತ್ತದೆ. ಕೆಲವು ಹೊಸ ವಿಮಾನಗಳಲ್ಲಿ 6000 ಅಡಿ, ಆದರೆ ಕೊನೆಗಳಿಗೆಯಲ್ಲಿ ವಿಮಾನ ಬದಲಾಗಬಹುದೆಂದು ನಾನು ದೊಡ್ಡದನ್ನೇ ಹಿಡಿದೆ. ಮೈಸೂರಿನಲ್ಲಿರುವ ನಮಗೆ ಆ ಎತ್ತರ ನಾಲ್ಕೈದು ಗಂಟೆಯ ದೂರದಲ್ಲಿದೆ. ಊಟಿ 2240 ಮೀಟರ್, ದೊಡ್ಡಬೆಟ್ಟ 2637. ವೈದ್ಯರ ಒಪ್ಪಿಗೆ ಪಡೆದು, ಕಾರಿನ ಹಿಂಬದಿಯಲ್ಲಿ ಸಿಲಿಂಡರ್ ಇಟ್ಟುಕೊಂಡು, ಬಂಡೀಪುರದ ರಸ್ತೆ ಬೆಳಿಗ್ಗೆ ತೆರೆದೊಡನೆ ಹೊರಟೆವು. ಊಟಿಯಲ್ಲಿ ಸೆಟ್ಟಿಂಗ್ 2ರಲ್ಲಿ ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಪ್ರತಿಶತ ಅಳೆಯುವ ಸಾಧನ) 86 ತೋರಿಸಿತು, 3ಕ್ಕೆ ಏರಿಸಿದ ಮೇಲೆ 91. ಉಸಿರು 24ರಿಂದ 27ಕ್ಕೆ ಹೋಯಿತು. ಉಸಿರಿನ ಲೆಕ್ಕದಂತೆ ಮೂರು ಗಂಟೆಗೆ ಎರಡು ನಿಮಿಷ ಕಡಿಮೆ ಬರಬೇಕಿದ್ದ ಬ್ಯಾಟರಿ ಎರಡು ಗಂಟೆ ಐವತ್ತು ನಿಮಿಷ ಬಂತು. ತೆಳು ಗಾಳಿಯನ್ನು ಹಿಂಡಲು ಯಂತ್ರವೂ ತುಸು ಏದುತ್ತದೆ ಎಂದು ನನ್ನ ತರ್ಕ. ಈ ಟಿಪ್ಪಣಿಗಳನ್ನು ನೋಡಿಯೇ ವೈದ್ಯರು ವಿಮಾನಕ್ಕೆ ಸೆಟ್ಟಿಂಗ್ 3 ಎಂದು ಬರೆದುಕೊಟ್ಟರು.

ಮುಂದಿನದು ಬರಿಯ ಭಾಗಾಕಾರ. ಲಂಡನ್ ವಿಮಾನದ ಹತ್ತೂಮುಕ್ಕಾಲು ಗಂಟೆಯ ಒಂದೂವರೆ ಪಟ್ಟು ಎಂದರೆ ಸುಮಾರು ಹದಿನಾರು. ವಿಮಾನ ಸಂಸ್ಥೆಯವರು ಕೇಳಿದ್ದೂ ಅದೇ 150 ಪ್ರತಿಶತವನ್ನು. ಎರಡು ಗಂಟೆ ಐವತ್ತು ನಿಮಿಷದಿಂದ ಭಾಗಿಸಿದರೆ ಐದೂಮುಕ್ಕಾಲರ ಹತ್ತಿರ ಬರುತ್ತದೆ, ಅಂದರೆ ಆರು ಬ್ಯಾಟರಿ. ನಮ್ಮಲ್ಲಿ ಒಂದು ಒಳ್ಳೆಯದಿತ್ತು. ಎರಡನ್ನು ತಲಾ ಮೂವತ್ತೆರಡು ಸಾವಿರಕ್ಕೆ ಕೊಂಡು, ಮೂರನ್ನು ಬಾಡಿಗೆಗೆ ತಂದೆ. ಎಲ್ಲವೂ 95 ವ್ಯಾಟ್-ಅವರ್‌ನವು, ತುದಿಗಳಿಗೆ ಟೇಪು, ಆರೂ ಸೇರಿ ಮೂರೂವರೆ ಕಿಲೋ, ಎಲ್ಲ ಕೈಚೀಲದಲ್ಲೇ.

ಸೀಟಿನ ಪ್ಲಗ್ಗನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಮನೆಯಲ್ಲಿ ವ್ಯಾಟ್ ಮೀಟರ್ ಹಚ್ಚಿ ನೋಡಿದ್ದೆ: ಓಡುತ್ತಲೇ ಬ್ಯಾಟರಿ ತುಂಬಿಸಿಕೊಳ್ಳುವಾಗ ಯಂತ್ರ 80 ವ್ಯಾಟ್ ದಾಟುತ್ತದೆ. ವಿಮಾನದಲ್ಲಿ ಕುತೂಹಲಕ್ಕೆ ಹಾಗೆಯೇ ಹಚ್ಚಿದಾಗ ಪ್ಲಗ್ಗು ಎರಡು ನಿಮಿಷದಲ್ಲಿ ಕೈಚೆಲ್ಲಿತು.

ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು ಗಂಟೆ ನಲವತ್ತು ನಿಮಿಷವಾಯಿತು. ಈ ಅವಧಿಗೆ ನಾಲ್ಕಕ್ಕಿಂತ ತುಸು ಹೆಚ್ಚು ಬ್ಯಾಟರಿ ಬೇಕೆಂಬುದು ನನ್ನ ಅಂದಾಜು. ಇಳಿದಾಗ ನಾಲ್ಕನೆಯದರಲ್ಲಿ ಇನ್ನೂ 30 ಪ್ರತಿಶತವಿತ್ತು. ಆ ವ್ಯತ್ಯಾಸ ನಿದ್ದೆಯದು: ಮಲಗಿದ ನಾಲ್ಕು ಗಂಟೆ ಅವರ ಉಸಿರು 20ಕ್ಕೆ ಇಳಿದಿತ್ತು. ನಿದ್ದೆಯಲ್ಲಿ ಬಾಯಿ ತೆರೆದು ಉಸಿರಾಡಿದರೆ ಯಂತ್ರಕ್ಕೆ ಉಸಿರೇ ತಿಳಿಯದೆ ಕೂಗುವ ತೊಂದರೆಗೆ ನಾವು ಕ್ಯಾನುಲಾ (ಮೂಗಿಗೆ ಆಕ್ಸಿಜನ್ ತರುವ ಕೊಳವೆ) ಕೂರಿಸುವ ಒಂದು ಉಪಾಯ ಕಂಡುಕೊಂಡೆವು, ಆದರೆ ಮೂಗು ಒಬ್ಬೊಬ್ಬರದು ಒಂದೊಂದು ತರಹ. ಅದನ್ನು ಎದುರಿಗೆ ಕೂತು ತೋರಿಸಬಲ್ಲೆನೇ ಹೊರತು ಬರೆಯಲಾರೆ.

ಮುಟ್ಟದೆ ಉಳಿದ ಎರಡು ಬ್ಯಾಟರಿಗಳನ್ನು ನೋಡಿ ಭಾವನವರು ದಂಡ ಎಂದರು. ದೆಹಲಿಯ ದಾರಿಯಲ್ಲಿ ಅವರು ನಮ್ಮ ಜೊತೆಗಿರಲಿಲ್ಲ. ಮೂರು ಬಾಡಿಗೆ ಬ್ಯಾಟರಿಗಳಿಗೆ ಆರು ವಾರಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು, ಠೇವಣಿ ಕೈಗೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.